ಬಿಚ್ಚದೆ ಓದುವ ಓಲೆ

(ಕಾಸರಗೋಡಿನ ಬದಿಯಡ್ಕದ ಸಮೀಪದ ವಾಚನಾಲಯವೊಂದರಲ್ಲಿ ಸಹಕಾರಿ ಸಂಘಗಳ ಗುಮಾಸ್ತರು, ಸರಕಾರಿ ಸೇವೆಗಳನ್ನು ಕಂಪ್ಯೂಟರಿನಲ್ಲಿ ಒದಗಿಸುವ ಅಕ್ಷಯ ಕೇಂದ್ರದವರು ಮತ್ತು ಶಾಲಾ ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಳೆಗೆ ಕರೆಂಟು ಹೋದ ಕಾರಣ ಪರದೆಯ ಮೇಲೆ ತೋರಿಸಬೇಕಾದದ್ದನ್ನೂ ಬಾಯಿಯಲ್ಲೇ ಹೇಳಬೇಕಾಯಿತು. ಬರೆಯುವಾಗ ಅದನ್ನು ಹಾಗೆಯೇ ಉಳಿಸಿದ್ದೇನೆ.)

ಮಿತ್ರರೇ,

ಕಚೇರಿಗೆ ಬಂದ ಕಡತವೊಂದನ್ನು ತೆರೆದಾಗ ಅಕ್ಷರಗಳೇ ಅರ್ಥವಾಗದಿದ್ದರೆ ನಿಮ್ಮಲ್ಲಿ ಯಾರಿಗಾದರೂ ಆಶ್ಚರ್ಯವಾಗುತ್ತದೆಯೇ? ಆಗುವುದಿಲ್ಲ. ತಿರುವನಂತಪುರದಿಂದ ಬರುವ ಸುತ್ತೋಲೆ ಮಲೆಯಾಳದಲ್ಲಿರುತ್ತದೆ. ನಮ್ಮಲ್ಲಿ ಹಲವರು ಅದನ್ನು ಪಕ್ಕದ ಮೇಜಿನವರಿಂದ ಓದಿಸಿಕೊಳ್ಳುತ್ತೇವೆ. ಅದು ಹಳೆಯ ಕಾಲದ ಅಕ್ಷರಶೈಲಿಯಲ್ಲಿದ್ದರೆ ಪಕ್ಕದ ಮೇಜಿನವರಿಗೂ ಓದಲಾಗದು, ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಮಂಗಳೂರಿನಿಂದ ಯಾರೋ 'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶದಲ್ಲಿ, ಅದರದೇ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿ ಕಳಿಸಿದ ಆಮಂತ್ರಣಕ್ಕೂ ಅದೇ ಗತಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಓದಲು ಬಾರದ ಕಾಗದಗಳ ಜೊತೆ ಸಂಸಾರ ಮಾಡಿಕೊಂಡು ಬಂದವರು ನಾವು. ಹಾಗಾಗಿ "ಸರಿಯಾಗಿ ಕಾಣಬೇಕಾದರೆ ಇಲ್ಲಿ ಒತ್ತಿ" ಎಂದು ಯಾರಾದರೂ ಬರೆದಿಟ್ಟರೆ ನಮ್ಮ ಬೆರಳು ಅನುಮತಿ ಕೇಳುವುದಿಲ್ಲ, ಒತ್ತಿಬಿಡುತ್ತದೆ.

ಕುತಂತ್ರಾಂಶ, ಅಂದರೆ ಕಂಪ್ಯೂಟರಿಗೆ ಕೇಡು ಮಾಡುವ ತಂತ್ರಾಂಶ, ಬರೆಯುವವನಿಗೆ ಕಾಸರಗೋಡು ಯಾವ ದಿಕ್ಕಿನಲ್ಲಿದೆ ಎಂಬುದೂ ತಿಳಿದಿರಲಾರದು. ಆದರೂ ಅವನು ಹೊಲಿದ ಅಂಗಿ ನಮ್ಮ ಮೈಗೆ ಅಳತೆ ತೆಗೆದಂತೆ ಕೂರುತ್ತದೆ. ಕಡತ ತೆರೆದ ಕೂಡಲೇ ಒಂದು ಮಸುಕಾದ ಚಿತ್ರ. ಅದರ ಮೇಲೆ "ಈ ದಾಖಲೆಯನ್ನು ಹಳೆಯ ಆವೃತ್ತಿಯಲ್ಲಿ ಸಿದ್ಧಪಡಿಸಲಾಗಿದೆ, ಓದಲು ಮೇಲಿನ ಹಳದಿ ಪಟ್ಟಿಯಲ್ಲಿ 'ಎನೇಬಲ್ ಕಂಟೆಂಟ್' ಒತ್ತಿ" ಎಂಬ ಸೂಚನೆ. ಎಮೋಟೆಟ್ ಎಂಬ ಕುತಂತ್ರಾಂಶ ವರ್ಷಗಟ್ಟಲೆ ಹೊಟ್ಟೆ ಹೊರೆದದ್ದು ಹೆಚ್ಚುಕಡಿಮೆ ಈ ಒಂದೇ ವಾಕ್ಯದಿಂದ. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷದ ಕೊನೆಗೆ ಅದು ಮತ್ತೆ ಎದ್ದು ಕುಳಿತಿತು.

ನಾನೂ ಒತ್ತಿದವನೇ. ಆಗ ನಾನಿದ್ದ ಸಂಘದ ಹೆಸರು ಬೇಡ. ಆಟಿ ತಿಂಗಳು, ತೋಟದಲ್ಲೆಲ್ಲ ಕೊಳೆರೋಗ, ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನವೂ ಬಿಸಿಲು ಕೊಡದ ಮಳೆ. ಅಂಥ ಹೊತ್ತಿನಲ್ಲಿ "ಪರಿಹಾರದ ಪಟ್ಟಿ" ಎಂಬ ಹೆಸರಿನ ಕಡತ ಬಂದರೆ ಯಾರು ತಾನೇ ತೆರೆಯದೆ ಬಿಡುತ್ತಾರೆ? ತೆರೆದೆ. ಮಸುಕು ಚಿತ್ರ ಕಂಡಿತು. ಅಕ್ಷರಶೈಲಿಯ ತೊಂದರೆ ಎಂದುಕೊಂಡು ಹಳದಿ ಪಟ್ಟಿಯನ್ನು ಒತ್ತಿದೆ. ಏನೂ ಕಾಣಲಿಲ್ಲ, ಮುಚ್ಚಿದೆ. ಮೂರನೆಯ ದಿನ ಇನ್ನೊಂದು ಸಂಘದ ಕಾರ್ಯದರ್ಶಿ ಫೋನು ಮಾಡಿ, "ನೀವು ಕಳಿಸಿದ ಪಟ್ಟಿ ತೆರೆಯುವುದೇ ಇಲ್ಲವಲ್ಲ ಮಾರಾಯರೇ" ಎಂದರು. ನಾನು ಯಾವ ಪಟ್ಟಿಯನ್ನೂ ಕಳಿಸಿರಲಿಲ್ಲ. ನಮ್ಮ ಹಳೆಯ ಮಿಂಚಂಚೆಗಳಿಗೆ ಉತ್ತರವೆಂಬಂತೆ ನಮ್ಮದೇ ಹೆಸರಿನಲ್ಲಿ ಅದು ಹೊರಟುಹೋಗಿತ್ತು. ಪಾಪ, ಅವರೂ ಎರಡು ಸಲ ಒತ್ತಿದ್ದರಂತೆ.

ಅಂದಿನಿಂದ ಕಲಿತದ್ದನ್ನು ಹೇಳಲು ಬಂದಿದ್ದೇನೆ. ಗೋದಾಮಿನಲ್ಲಿ ಅಕ್ಕಿ ಗೋಣಿಯ ಬಾಯಿ ಬಿಚ್ಚದೆ, ಚೂಪು ಕೊಳವೆಯೊಂದನ್ನು ಚುಚ್ಚಿ ಒಂದು ಹಿಡಿ ಹೊರತೆಗೆದು ನೋಡುವುದನ್ನು ನೀವೆಲ್ಲ ಕಂಡಿದ್ದೀರಿ. ಕಡತಕ್ಕೂ ಅಂಥ ಕೊಳವೆಗಳಿವೆ.

ಕಡತವನ್ನು ಕಾಗದವೆಂದು ಭಾವಿಸುವುದರಿಂದಲೇ ಈ ತಾಪತ್ರಯವೆಲ್ಲ ಶುರುವಾಗುತ್ತದೆ. ವರ್ಡ್ ಕಡತದೊಳಗೆ ಬರಹದ ಜೊತೆಗೆ ಮ್ಯಾಕ್ರೋ ಎಂಬ ಆಜ್ಞೆಗಳ ಕಟ್ಟೂ ಇರಬಹುದು. ಕಡತ ತೆರೆದೊಡನೆ ಅದು ತಾನಾಗಿ ಓಡುವಂತೆ ಬರೆಯಲೂಬಹುದು. ಹಳದಿ ಪಟ್ಟಿಯನ್ನು ಒತ್ತಿದಾಗ ನಾವು ಅನುಮತಿ ಕೊಡುವುದು ಅದಕ್ಕೇ. 1995ರಲ್ಲಿ ಕಾನ್ಸೆಪ್ಟ್ ಎಂಬ ಮೊದಲ ವರ್ಡ್ ಮ್ಯಾಕ್ರೋ ವೈರಸ್ ಹರಡಿತು. 1999ರ ಮಾರ್ಚ್ 26ರಂದು ಮೆಲಿಸ್ಸಾ ಬಂತು. ತೆರೆದವರ ವಿಳಾಸ ಪುಸ್ತಕದ ಮೊದಲ 50 ಮಂದಿಗೆ ತನ್ನನ್ನು ತಾನೇ ಕಳಿಸಿಕೊಂಡಿತು. ಆ ಕಡತದ ಹೆಸರು 'ಲಿಸ್ಟ್'. ಅಂದರೆ ಕಾಲು ಶತಮಾನದ ಹಿಂದೆ ಅಮೆರಿಕದವನು ಬಿದ್ದದ್ದೂ ಪಟ್ಟಿಗೇ, ನಾನು ಬಿದ್ದದ್ದೂ ಪಟ್ಟಿಗೇ.

ಮೈಕ್ರೋಸಾಫ್ಟ್ 2022ರಲ್ಲಿ ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯತೊಡಗಿತು. ಈಗ ಹಳದಿಯ ಬದಲು ಕೆಂಪು ಪಟ್ಟಿ, ಅದರಲ್ಲಿ 'ಎನೇಬಲ್' ಗುಂಡಿಯೇ ಇಲ್ಲ. ಒಳ್ಳೆಯದೇ ಆಯಿತು. ಆದರೆ ನಮ್ಮ ಊರಿನ ಮಟ್ಟಿಗೆ ಇದರಲ್ಲಿ ಎರಡು ತೂತುಗಳಿವೆ. ನಮ್ಮ ಎಷ್ಟೋ ಮೇಜುಗಳ ಮೇಲೆ ಈಗಲೂ 2007ರ, 2010ರ ಆಫೀಸ್ ಓಡುತ್ತಿದೆ. ಅವಕ್ಕೆ ಈ ಕಾವಲು ಬರಲೇ ಇಲ್ಲ. ಇನ್ನೊಂದು ತೂತು ಪೆನ್‌ಡ್ರೈವ್. "ಇದು ಅಂತರಜಾಲದಿಂದ ಬಂದದ್ದು" ಎಂಬ ಗುರುತನ್ನು ವಿಂಡೋಸ್ ಕಡತದ ಬೆನ್ನಿಗೆ ಒಂದು ಚೀಟಿಯಂತೆ ಅಂಟಿಸುತ್ತದೆ. ಸಾಮಾನ್ಯ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್ 32 ವ್ಯವಸ್ಥೆಗೆ ಆ ಚೀಟಿಯನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಒಂದು ಯಂತ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇನ್ನೊಂದಕ್ಕೆ ಒಯ್ದರೆ ದಾರಿಯಲ್ಲಿ ಚೀಟಿ ಉದುರಿಹೋಗುತ್ತದೆ, ಕಡತ ಮನೆಯಲ್ಲೇ ಹುಟ್ಟಿದಂತೆ ಮುಖ ಮಾಡಿಕೊಂಡು ಕೂರುತ್ತದೆ. ನಾವು ಕಡತಗಳನ್ನು ಸಾಗಿಸುವುದು ಹಾಗೆಯೇ ಅಲ್ಲವೇ?

ಇನ್ನು ಕೆಲಸಕ್ಕೆ ಬರೋಣ. ಪರೀಕ್ಷೆಯನ್ನು ಸಂಘದ ಲೆಕ್ಕ ಬರೆಯುವ ಯಂತ್ರದಲ್ಲಿ ಮಾಡಬೇಡಿ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಇರುವ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಈ ವಿಷಯದಲ್ಲಿ ಕೇರಳದಲ್ಲಿರುವ ನಾವು ಅದೃಷ್ಟವಂತರು. ಇಲ್ಲಿನ ಸರಕಾರಿ ಶಾಲೆಗಳಲ್ಲಿ, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ ಕೊಟ್ಟ ಗ್ನು ಲಿನಕ್ಸ್ ಇರುವುದರಿಂದ, ಹೈಸ್ಕೂಲಿಗೆ ಹೋಗುವ ನಿಮ್ಮ ಮನೆಯ ಮಗುವಿಗೆ ಅದರ ಕಪ್ಪು ಪರದೆಯ ಭಯವಿರುವುದಿಲ್ಲ. ಹಾಗೆಂದು ಅನುಮಾನದ ಕಡತವನ್ನು ಶಾಲೆಯ ಯಂತ್ರಕ್ಕೆ ತುಂಬಿಸಬೇಡಿ. ಮಗುವಿನಿಂದ ವಿದ್ಯೆಯನ್ನಷ್ಟೇ ಎರವಲು ಪಡೆಯಿರಿ. ಕಡತವನ್ನು ಇಳಿಸಿಕೊಳ್ಳುವಾಗ ಎರಡು ಸಲ ಕ್ಲಿಕ್ ಮಾಡಬಾರದು ಎಂಬುದು ಎಲ್ಲರಿಗೂ ಗೊತ್ತು. ವಿಂಡೋಸ್‌ನಲ್ಲಾದರೆ ಪಕ್ಕದಲ್ಲಿ ಮುನ್ನೋಟ ತೋರಿಸುವ ಕಿಟಕಿಯನ್ನೂ ಮುಚ್ಚಿಡಬೇಕು. ಅದು ಏಕೆಂದು ಮುಂದೆ ಹೇಳುತ್ತೇನೆ.

ಮೊದಲನೆಯದಾಗಿ ಕಡತದ ಬೆರಳಚ್ಚು ತೆಗೆದುಕೊಳ್ಳಿ. ಬೆರಳಚ್ಚು ಎಂದರೆ ಟೈಪಿಂಗ್ ಅಲ್ಲ, ಪೊಲೀಸರು ತೆಗೆದುಕೊಳ್ಳುತ್ತಾರಲ್ಲ, ಅದು. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ (ಇದಕ್ಕೆ ಕೊನೆಯಲ್ಲಿ ಎಸ್‌ಎಚ್‌ಎ256 ಎಂದು ಸೇರಿಸಬೇಕು) ಎಂಬ ಆಜ್ಞೆಗಳು ಕಡತವನ್ನು 64 ಅಕ್ಷರಗಳ ಒಂದು ಗುರುತಿಗೆ ಇಳಿಸಿಕೊಡುತ್ತವೆ. ವೈರಸ್‌ಟೋಟಲ್ ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ ಆ 64 ಅಕ್ಷರಗಳನ್ನು ಹಾಕಿದರೆ, ಅದೇ ಕಡತವನ್ನು ಬೇರೆ ಯಾರಾದರೂ ಮೊದಲೇ ಪರೀಕ್ಷೆಗೆ ಕೊಟ್ಟಿದ್ದರೆ ಗೊತ್ತಾಗುತ್ತದೆ. ಕಡತವನ್ನೇ ಅಲ್ಲಿ ಹಾಕಬೇಡಿ. ಅಲ್ಲಿ ಹಾಕಿದ್ದನ್ನು ಹಣ ಕೊಟ್ಟು ಚಂದಾದಾರರಾದವರು ಇಳಿಸಿಕೊಳ್ಳಬಹುದು. ಅದು ನಿಜವಾಗಿಯೂ ಪರಿಹಾರದ ಪಟ್ಟಿಯೇ ಆಗಿದ್ದರೆ, ಬಡವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವನ್ನೂ ನಾವೇ ಬೀದಿಯಲ್ಲಿ ಹರಡಿದಂತಾಗುತ್ತದೆ.

ಎರಡನೆಯದಾಗಿ ಕಡತದ ಜಾತಿ ತಿಳಿಯಬೇಕು. ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಬಾಲವನ್ನು ನಂಬಬೇಡಿ. ಬಾಲವನ್ನು ಯಾರು ಬೇಕಾದರೂ ಅಂಟಿಸಬಹುದು. ಮೊದಲ ಕೆಲವು ಬೈಟುಗಳನ್ನು ನೋಡಿ. ಲಿನಕ್ಸ್‌ನ 'ಫೈಲ್' ಎಂಬ ಆಜ್ಞೆ ನೋಡುವುದೂ ಅದನ್ನೇ. 'ಪಿಕೆ' ಎಂದು ಶುರುವಾದರೆ ಅದು ಜಿಪ್ ಪೆಟ್ಟಿಗೆ. ಆ ಎರಡಕ್ಷರ ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಎಂಬವರ ಹೆಸರಿನದು. 2007ರ ಆಫೀಸ್‌ನೊಂದಿಗೆ ಬಂದ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಮುಂತಾದವೆಲ್ಲ ಈ ಜಾತಿ. ಅದಕ್ಕಿಂತ ಹಳೆಯ ಡಾಕ್, ಎಕ್ಸ್‌ಎಲ್‌ಎಸ್ ಕಡತಗಳು 'ಡಿ0 ಸಿಎಫ್ 11 ಇ0' ಎಂದು ಶುರುವಾಗುತ್ತವೆ. ಸೊನ್ನೆಯನ್ನು ಇಂಗ್ಲಿಷಿನ ಓ ಎಂದೂ, ಎರಡು ಒಂದುಗಳನ್ನು ಐ ಮತ್ತು ಎಲ್ ಎಂದೂ ಓದಿಕೊಂಡರೆ ಅದು 'ಡಾಕ್‌ಫೈಲ್' ಆಗುತ್ತದೆ. ಬರೆದ ಇಂಜಿನಿಯರುಗಳಿಗೂ ಮಧ್ಯಾಹ್ನದ ಹೊತ್ತು ಬೇಸರ ಬರುತ್ತಿದ್ದಿರಬೇಕು. ಮೂರನೆಯ ಜಾತಿ ಆರ್‌ಟಿಎಫ್. ಅದು ಸುರುಳಿ ಆವರಣ ಚಿಹ್ನೆಯ ನಂತರ ತನ್ನ ಹೆಸರನ್ನೇ ಬರೆದುಕೊಂಡು ಬರುತ್ತದೆ. ಡಾಕ್ ಎಂಬ ಬಾಲ, ಒಳಗೆ ಆರ್‌ಟಿಎಫ್ — ಹೀಗೆ ಕಂಡರೆ ವರ್ಡ್ ಮರುಮಾತಿಲ್ಲದೆ ತೆರೆಯುತ್ತದೆ, ನೀವು ಮಾತ್ರ ತೆರೆಯಬೇಡಿ.

ಜಿಪ್ ಪೆಟ್ಟಿಗೆಯನ್ನು ನೋಡುವುದು ಸುಲಭ. 'ಅನ್‌ಜಿಪ್' ಆಜ್ಞೆಗೆ ಪಟ್ಟಿ ಮಾತ್ರ ತೋರಿಸು ಎಂದು ಹೇಳಬಹುದು. ವಿಂಡೋಸ್‌ನವರು ಸೆವೆನ್‌ಜಿಪ್ ಬಳಸಬಹುದು. ಒಳಗೆ ಎಕ್ಸ್‌ಎಂಎಲ್ ಹಾಳೆಗಳ ಒಂದು ಮರ ಕಾಣುತ್ತದೆ. ಅದರಲ್ಲಿ 'ವಿಬಿಎ ಪ್ರಾಜೆಕ್ಟ್ ಬಿನ್' ಎಂಬ ಹೆಸರು ಇದ್ದರೆ ಮ್ಯಾಕ್ರೋ ಇದೆ ಎಂದೇ ಅರ್ಥ. ಪರಿಹಾರದ ಪಟ್ಟಿಗೆ ಮ್ಯಾಕ್ರೋ ಏಕೆ ಬೇಕು? ಎಕ್ಸೆಲ್ ಕಡತದಲ್ಲಿ 'ಮ್ಯಾಕ್ರೋಶೀಟ್ಸ್' ಎಂಬ ಕೋಣೆ ಕಂಡರೆ ಅದು 1992ರ ಎಕ್ಸೆಲ್ 4ರ ಕಾಲದ ಮ್ಯಾಕ್ರೋ. ಹಾಳೆಯೊಂದನ್ನು 'ವೆರಿ ಹಿಡನ್' ಎಂದು ಗುರುತು ಮಾಡಿದ್ದರೆ, ಬಲ ಗುಂಡಿ ಒತ್ತಿ 'ಅನ್‌ಹೈಡ್' ಎಂದರೂ ಎಕ್ಸೆಲ್ ಅದನ್ನು ತೋರಿಸುವುದಿಲ್ಲ. ಹೊರಗಿನಿಂದ ವರ್ಕ್‌ಬುಕ್ ಹಾಳೆಯನ್ನು ಓದಿದವನಿಗೆ ಮಾತ್ರ ಅದು ಕಾಣುತ್ತದೆ. ತೆರೆದವನಿಗಿಂತ ತೆರೆಯದವನೇ ಹೆಚ್ಚು ನೋಡುತ್ತಾನೆ ಎಂದು ನಾನು ಆಗಾಗ ಹೇಳುವುದು ಇದಕ್ಕೇ.

ಮ್ಯಾಕ್ರೋ ಇಲ್ಲವೆಂದು ನಿಟ್ಟುಸಿರು ಬಿಡುವ ಮೊದಲು 'ರೆಲ್ಸ್' ಎಂಬ ಬಾಲವಿರುವ ಹಾಳೆಗಳನ್ನು ನೋಡಿ. ಕಡತಕ್ಕೆ ಯಾರ್ಯಾರ ಜೊತೆ ನಂಟಿದೆ ಎಂದು ಬರೆದಿಟ್ಟ ವಂಶಾವಳಿ ಅದು. ಚಿತ್ರ, ಅಕ್ಷರಶೈಲಿ, ಶೈಲಿ ಹಾಳೆ ಇವೆಲ್ಲ ಮನೆಯೊಳಗಿನ ನೆಂಟರು. 'ಎಕ್ಸ್‌ಟರ್ನಲ್' ಎಂದು ಬರೆದು ಪಕ್ಕದಲ್ಲಿ ಜಾಲವಿಳಾಸವೊಂದಿದ್ದರೆ ಅವನು ಹೊರಗಿನವನು. ಬರಹದ ನಡುವಿನ ಸಾಮಾನ್ಯ ಕೊಂಡಿಗಳೂ ಹಾಗೆಯೇ ಇರುತ್ತವೆ, ಗಾಬರಿ ಬೇಡ. 'ಅಟ್ಯಾಚ್ಡ್ ಟೆಂಪ್ಲೇಟ್' ಅಥವಾ 'ಓಲೆ ಆಬ್ಜೆಕ್ಟ್' ಎಂಬ ನಂಟು ಹೊರಗಿನ ವಿಳಾಸಕ್ಕೆ ಕೈ ಚಾಚಿದ್ದರೆ ಮಾತ್ರ ಕಡತವನ್ನು ಅಲ್ಲೇ ಬಿಡಿ. ಆ ಪೆಟ್ಟಿಗೆಯಲ್ಲಿ ವಿಷವಿರುವುದಿಲ್ಲ. ವಿಷ ತರಿಸಿಕೊಳ್ಳುವ ವಿಳಾಸವಿರುತ್ತದೆ.

2022ರ ಮೇ ತಿಂಗಳಲ್ಲಿ ಸಿಕ್ಕ ಒಂದು ಕಡತ ಇಂಥದ್ದೇ. ಹೊರಗಿನ ಜಾಲಪುಟವೊಂದನ್ನು ಕರೆಸಿಕೊಂಡು, ಅದರ ಮೂಲಕ ವಿಂಡೋಸ್‌ನ ದೋಷ ಪತ್ತೆಯ ಉಪಕರಣವನ್ನೇ ಎಬ್ಬಿಸಿ ಆಜ್ಞೆ ಓಡಿಸುತ್ತಿತ್ತು. ಮ್ಯಾಕ್ರೋ ಇಲ್ಲ, ಹಳದಿ ಪಟ್ಟಿಯ ಪ್ರಶ್ನೆಯೂ ಇಲ್ಲ. ಅದನ್ನೇ ಆರ್‌ಟಿಎಫ್ ಆಗಿ ಬದಲಿಸಿದರೆ ಮುನ್ನೋಟದ ಕಿಟಕಿಯಲ್ಲಿ ಕಂಡರೂ ಸಾಕು, ಕೆಲಸ ಮುಗಿಯುತ್ತಿತ್ತು. ಮುನ್ನೋಟ ಮುಚ್ಚಿಡಿ ಎಂದದ್ದು ಈ ಕಾರಣಕ್ಕೆ. ಕೆವಿನ್ ಬ್ಯೂಮಾಂಟ್ ಎಂಬ ಸಂಶೋಧಕರು ಆ ದೋಷಕ್ಕೆ 'ಫೋಲಿನಾ' ಎಂದು ಹೆಸರಿಟ್ಟರು. ಮಾದರಿಯಲ್ಲಿ 0438 ಎಂಬ ಸಂಖ್ಯೆ ಇತ್ತಂತೆ. ಅದು ಇಟಲಿಯ ಫೋಲಿನಾ ಎಂಬ ಊರಿನ ದೂರವಾಣಿ ಸಂಕೇತ. ಅಷ್ಟೇ ಕಾರಣ. ಅಲ್ಲಿ 04994 ಎಂದಿದ್ದರೆ ಇವತ್ತು ಜಗತ್ತಿನ ಎಲ್ಲ ಭದ್ರತಾ ವರದಿಗಳಲ್ಲೂ ಕಾಸರಗೋಡು ಎಂಬ ಹೆಸರು ಇರುತ್ತಿತ್ತು. ಒಂದು ಕೂದಲೆಳೆಯಲ್ಲಿ ತಪ್ಪಿಹೋಯಿತು.

ಈಗ ಹಳೆಯ ಡಾಕ್‌ಫೈಲ್ ಜಾತಿ. ಅದರ ಒಳರಚನೆಯ ಹೆಸರು ಓಲೆ. ಇಂಗ್ಲಿಷಿನ ಮೂರು ಅಕ್ಷರಗಳು ಸೇರಿ ಆದ ಹೆಸರು ಅದು, ಆದರೆ ತಾಳೆಗರಿಯ ನಾಡಿನವರಿಗೆ ಇದಕ್ಕಿಂತ ಒಳ್ಳೆಯದು ಬೇಕೇ? ಈ ಓಲೆಯನ್ನು ಬಿಚ್ಚದೆ ಓದಲು ಫಿಲಿಪ್ ಲಗಾಡೆಕ್ ಎಂಬವರು 'ಓಲೆಟೂಲ್ಸ್' ಎಂಬ ಉಪಕರಣಗಳ ಗಂಟನ್ನು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಯಂತ್ರದಲ್ಲಿದ್ದರೆ ಒಂದು ಸಾಲಿನಲ್ಲಿ ಸ್ಥಾಪನೆಯಾಗುತ್ತದೆ. ಅದರಲ್ಲಿ 'ಓಲೆವಿಬಿಎ' ಎಂಬುದು ಮ್ಯಾಕ್ರೋದ ಬರಹವನ್ನು ಓಡಿಸದೆ ಹೊರಗೆಳೆದು ಮುಂದಿಡುತ್ತದೆ, ಜಿಪ್ ಜಾತಿಯೊಳಗಿನ ಮ್ಯಾಕ್ರೋವನ್ನೂ. ಮ್ಯಾಕ್ರೋಗೆ ಗುಪ್ತಪದ ಹಾಕಿದ್ದರೂ ಅದು ಓದುತ್ತದೆ. ಆ ಗುಪ್ತಪದ ಬಾಗಿಲಿಗೆ ಬರೆದ 'ಪ್ರವೇಶವಿಲ್ಲ' ಎಂಬ ಫಲಕವಷ್ಟೆ, ಬೀಗವಲ್ಲ. ಬೆಲ್ಜಿಯಂನ ಡಿಡಿಯೆ ಸ್ಟೀವನ್ಸ್ ಅವರ 'ಓಲೆಡಂಪ್' ಕೂಡ ಇದೇ ಕೆಲಸದ್ದು. ಮ್ಯಾಕ್ರೋ ಇರುವ ಎಳೆಯ ಪಕ್ಕದಲ್ಲಿ ಅದು ದೊಡ್ಡ ಎಂ ಅಕ್ಷರ ಬರೆದು ತೋರಿಸುತ್ತದೆ.

ನನ್ನನ್ನು ಬೀಳಿಸಿದ ಪಟ್ಟಿಯನ್ನು ನಾನು ಇಟ್ಟುಕೊಂಡಿದ್ದೆ. ತಿಂಗಳ ನಂತರ ಅದಕ್ಕೆ ಓಲೆವಿಬಿಎ ಹಚ್ಚಿದೆ. ಬರಹದ ಕೊನೆಯಲ್ಲಿ ಅದು ಒಂದು ಕೋಷ್ಟಕ ಕೊಡುತ್ತದೆ. ಪೂರ್ತಿ ಓದಲಾಗದವರಿಗೆ ಅದೊಂದೇ ಸಾಕು. 'ಡಾಕ್ಯುಮೆಂಟ್ ಓಪನ್' ಎಂಬ ಪದದ ಮುಂದೆ, ಕಡತ ತೆರೆದಾಗ ತಾನಾಗಿ ಓಡುತ್ತದೆ ಎಂಬ ಟಿಪ್ಪಣಿ. 'ಕ್ರಿಯೇಟ್ ಆಬ್ಜೆಕ್ಟ್' ಎಂಬುದರ ಮುಂದೆ, ಬೇರೆ ತಂತ್ರಾಂಶವನ್ನು ಎಬ್ಬಿಸಬಹುದು ಎಂಬ ಟಿಪ್ಪಣಿ. 'ಸಿಎಚ್‌ಆರ್' ಎಂಬುದರ ಮುಂದೆ, ಪದಗಳನ್ನು ಮರೆಮಾಚಲು ಬಳಸುತ್ತಾರೆ ಎಂಬ ಟಿಪ್ಪಣಿ. ನನಗೆ ಕುತೂಹಲ ತಡೆಯಲಿಲ್ಲ. ಸಿಎಚ್‌ಆರ್ ಎಂಬುದು ಸಂಖ್ಯೆಯನ್ನು ಅಕ್ಷರವಾಗಿಸುತ್ತದೆ. ಮ್ಯಾಕ್ರೋದಲ್ಲಿ 112, 111, 119, 101, 114 ಎಂಬ ಸಂಖ್ಯೆಗಳು ದೂರದೂರದ ಸಾಲುಗಳಲ್ಲಿ, ನಡುವೆ ಅರ್ಥವಿಲ್ಲದ ಲೆಕ್ಕಗಳನ್ನು ತುಂಬಿಕೊಂಡು ಕೂತಿದ್ದವು. ಕಾಗದದ ಮೇಲೆ ಒಂದೊಂದಾಗಿ ಜೋಡಿಸಿದೆ: 'ಪವರ್'. ಮುಂದಿನದು ಓದದೆಯೇ ಗೊತ್ತಾಯಿತು, 'ಶೆಲ್'. ವಿಂಡೋಸ್‌ನ ಯಾವ ಆಜ್ಞೆಯನ್ನಾದರೂ ಓಡಿಸಬಲ್ಲ ಕೀಲಿಕೈ ಗೊಂಚಲೇ ಅದು. ಸಭ್ಯನಾದವನು ಆ ಹೆಸರನ್ನು ಹೀಗೆ ಚೂರು ಮಾಡಿ ಬಚ್ಚಿಡುವುದಿಲ್ಲ. ಅಂದು ಒತ್ತುವ ಮೊದಲು ಈ ಒಂದು ಆಜ್ಞೆ ಗೊತ್ತಿದ್ದಿದ್ದರೆ ಎಂದು ಬಹಳ ಹೊತ್ತು ಕೂತಿದ್ದೆ.

ಓದುವ ತಾಳ್ಮೆ ಇಲ್ಲದವರಿಗೆ ಅದೇ ಗಂಟಿನಲ್ಲಿ 'ಎಂರ‍್ಯಾಪ್ಟರ್' ಇದೆ. ತಾನಾಗಿ ಓಡುತ್ತದೆಯೇ? ಓಡಿ ಏನಾದರೂ ಬರೆಯುತ್ತದೆಯೇ ಅಥವಾ ಇನ್ನೊಂದನ್ನು ಓಡಿಸುತ್ತದೆಯೇ? ಮೊದಲನೆಯದರ ಜೊತೆ ಉಳಿದೆರಡರಲ್ಲಿ ಒಂದು ಸೇರಿದರೆ ಅನುಮಾನಾಸ್ಪದ ಎಂದು ಹೇಳುತ್ತದೆ. ಈ ಸರಳ ತರ್ಕ ನನಗೆ ಬಹಳ ಹಿಡಿಸಿದೆ.

ಆರ್‌ಟಿಎಫ್ ಕಡತದಲ್ಲಿ ಮ್ಯಾಕ್ರೋ ಇರುವುದಿಲ್ಲ, ಆದರೆ ಒಳಗೆ ವಸ್ತುಗಳನ್ನು ಹುದುಗಿಸಬಹುದು. 'ಆರ್‌ಟಿಎಫ್‌ಆಬ್ಜ್' ಅವನ್ನು ಹೆಕ್ಕಿ ತೋರಿಸುತ್ತದೆ. 'ಈಕ್ವೇಷನ್' ಎಂಬ ವಸ್ತು ಸಿಕ್ಕರೆ, ಕಳಿಸಿದವರು ಗಣಿತದ ಮೇಷ್ಟ್ರೇ ಎಂದು ಕೇಳಿಕೊಳ್ಳಿ. ಸಮೀಕರಣ ಬರೆಯಲು ಆಫೀಸ್‌ನೊಳಗಿದ್ದ ಪುಟ್ಟ ತಂತ್ರಾಂಶವೊಂದು 2000ನೇ ಇಸವಿಯಲ್ಲಿ ಸಿದ್ಧವಾಗಿ, 17 ವರ್ಷ ಯಾರ ಕಣ್ಣಿಗೂ ಬೀಳದ ದೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು. 2017ರ ನವೆಂಬರಿನಲ್ಲಿ ತೇಪೆ ಬಂತು, 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನೇ ಕಿತ್ತುಹಾಕಿತು. ನವೀಕರಣ ಕಾಣದ ಯಂತ್ರಗಳಲ್ಲಿ ಅದು ಈಗಲೂ ಇದೆ, ಅದನ್ನು ಹುಡುಕಿಕೊಂಡು ಬರುವ ಕಡತಗಳೂ ಇವೆ.

ಗುಪ್ತಪದ ಹಾಕಿದ ಕಡತ ಬಂದು, ಗುಪ್ತಪದವನ್ನು ಅದೇ ಮಿಂಚಂಚೆಯಲ್ಲಿ ಬರೆದಿದ್ದರೆ ನಕ್ಕುಬಿಡಿ. ಕೀಲಿಯನ್ನು ಬೀಗಕ್ಕೇ ಕಟ್ಟಿ ಕಳಿಸಿದವನಿಗೆ ಬೇಕಾದದ್ದು ನಿಮ್ಮಿಂದ ಗುಟ್ಟಲ್ಲ. ನಡುದಾರಿಯ ವೈರಸ್ ತಪಾಸಣೆಯವನು ಒಳಗೆ ನೋಡಬಾರದು, ಅಷ್ಟೆ. ಎಕ್ಸೆಲ್‌ನಲ್ಲಿ ಇನ್ನೂ ಒಂದು ತಮಾಷೆಯಿದೆ. 'ವೆಲ್ವೆಟ್‌ಸ್ವೆಟ್‌ಶಾಪ್' ಎಂಬ ಗುಪ್ತಪದವಿದ್ದರೆ ಎಕ್ಸೆಲ್ ನಿಮ್ಮನ್ನು ಕೇಳದೆ ತಾನೇ ಅದನ್ನು ಹಾಕಿ ತೆರೆದುಕೊಳ್ಳುತ್ತದೆ. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಒಂದು ಸುಳಿವು: ಗುಪ್ತಪದ ಹಾಕಿದ ಹೊಸ ಕಡತವೂ ಜಿಪ್‌ನಂತೆ ಕಾಣದೆ ಹಳೆಯ ಡಾಕ್‌ಫೈಲ್ ಮುಖ ಹೊತ್ತು ಬರುತ್ತದೆ.

ಇಷ್ಟೆಲ್ಲ ನೋಡಿಯೂ ಏನೂ ಸಿಗದಿದ್ದರೆ? ಕಡತ ಶುದ್ಧ ಎಂದು ನಾನು ಬರೆದುಕೊಡುವುದಿಲ್ಲ. ಮ್ಯಾಕ್ರೋದ ಮೂಲ ಬರಹವನ್ನು ಅಳಿಸಿ, ಯಂತ್ರಕ್ಕೆ ಮಾತ್ರ ತಿಳಿಯುವ ಅದರ ನಕಲನ್ನು ಉಳಿಸುವ ಚಾಲಾಕಿಗಳೂ ಇದ್ದಾರೆ. ಸಿಕ್ಕರೆ ತೆರೆಯಬೇಡಿ, ಸಿಗದಿದ್ದರೆ ಕಳಿಸಿದವರಿಗೆ ಫೋನು ಮಾಡಿ. ಮಿಂಚಂಚೆಗೆ ಉತ್ತರಿಸಿ ಕೇಳಬೇಡಿ. ನನ್ನ ಹೆಸರಿನಲ್ಲಿ ಹೋದ ಮಿಂಚಂಚೆಗೆ ಉತ್ತರಿಸಿದವರಿಗೂ ಮರುದಿನ ಇನ್ನೊಂದು ಪಟ್ಟಿ ಹೋಗಿತ್ತು.

ಕೊನೆಗೆ ಪ್ರಶ್ನೆಗಳು ಬಂದವು. ಅಕ್ಷಯ ಕೇಂದ್ರದ ಒಬ್ಬ ತಂಗಿ, ಒತ್ತಿಯೇ ಬಿಟ್ಟರೆ ಏನು ಮಾಡಬೇಕು ಎಂದು ಕೇಳಿದರು. ಮೊದಲು ಜಾಲದ ತಂತಿ ಕಿತ್ತು, ವೈಫೈ ಆರಿಸಿ. ಗುಪ್ತಪದಗಳನ್ನು ಬೇರೆ ಯಂತ್ರದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೇಲಿನವರಿಗೆ ಅದೇ ದಿನ ಹೇಳಿ. ನಾನು ಮೂರು ದಿನ ತಡಮಾಡಿದ್ದೆ, ಗೊತ್ತಿರಲಿಲ್ಲ ಎಂಬುದು ನಿಜ, ನಾಚಿಕೆ ಎಂಬುದೂ ನಿಜ. ಪಿಡಿಎಫ್ ಬಗ್ಗೆ ಕೇಳಿದವರಿಗೆ, ಅದಕ್ಕೆ ಇನ್ನೊಂದು ಸಂಜೆ ಬೇಕು ಎಂದು ತಪ್ಪಿಸಿಕೊಂಡೆ.

ಅಷ್ಟರಲ್ಲಿ ಕರೆಂಟು ಬಂತು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಅಧ್ಯಾಪಕರೊಬ್ಬರು ಎದ್ದು ಬಂದು ಪೆನ್‌ಡ್ರೈವ್ ಒಂದನ್ನು ಮೇಜಿನ ಮೇಲಿಟ್ಟರು. "ಇದರಲ್ಲಿ ಒಂದು ಕಡತ ಉಂಟು. ತೆರೆದರೆ ಬರೀ ಚೆಲ್ಲಾಪಿಲ್ಲಿ. ಎರಡು ವಾರದಿಂದ ಹೆದರಿ ಮುಟ್ಟಿಲ್ಲ" ಎಂದರು. ಎಲ್ಲರೂ ಮುಂದಕ್ಕೆ ಬಂದು ನಿಂತರು. ಬೈಟು ನೋಡಿದೆವು, ಪಿಕೆ. ಪಟ್ಟಿ ತೆಗೆದೆವು, ಮ್ಯಾಕ್ರೋ ಇಲ್ಲ. ರೆಲ್ಸ್ ಓದಿದೆವು, ಹೊರಗಿನ ನೆಂಟರು ಯಾರೂ ಇಲ್ಲ. ಅಕ್ಷರಶೈಲಿಗಳ ಹೆಸರು ಬರೆದಿಡುವ 'ಫಾಂಟ್ ಟೇಬಲ್' ಎಂಬ ಹಾಳೆಯನ್ನು ತೆಗೆದಾಗ ಅಲ್ಲಿ 'ನುಡಿ 01 ಇ' ಎಂದಿತ್ತು. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಆಮೇಲೆ ಕಳಿಸಿದವರಿಗೆ ಅಲ್ಲಿಂದಲೇ ಫೋನು ಮಾಡಿದರು. ಅದು ಅವರ ಶಿಷ್ಯನ ಮನೆಯ ಗೃಹಪ್ರವೇಶದ ಕಾಗದವಂತೆ. ಊಟ ಹಿಂದಿನ ಭಾನುವಾರವೇ ಮುಗಿದಿತ್ತು.